ಹಿಲ್ಮಾರ್ ಗುಟ್ಟು ಉಳಿಸಿಕೊಂಡ ದಿನ

ಹಿಲ್ಮಾರನ ಅವತ್ತಿನ ತಾಪತ್ರಯಕ್ಕೆಲ್ಲ ಮೂಲ ಒಂದು ಬಕೆಟ್ಟು.

ಬೇರೆ ಊರಲ್ಲಿ, ಬೇರೆ ತಿಂಗಳಲ್ಲಿ ಬಕೆಟ್ಟು ಅಂದರೆ ಬರೀ ಬಕೆಟ್ಟು. ನೀರು ತುಂಬಿ, ಮೀನು ತುಂಬಿ, ಬೋರಲು ಹಾಕಿಕೊಂಡು ಕೂತುಕೊಳ್ಳಿ, ಯಾರೂ ಕೇಳುವುದಿಲ್ಲ. ಬಡಗಣ ಹಿಮನಾಡಿನ ಕಡಲತೀರದ ನಮ್ಮ ಸ್ಕಾರ್ವಿಕದಲ್ಲಿ ಹಾಗಲ್ಲ. ಆಗಸ್ಟ್ ತಿಂಗಳಲ್ಲಿ ಇಲ್ಲಿ ಮುಚ್ಚಳದ ಬಿಳಿ ಬಕೆಟ್ಟು ಹಿಡಿದು ಬೀದಿಗಿಳಿದವನು ತಪ್ಪೊಪ್ಪಿಕೊಂಡ ಹಾಗೆ. ಅದು ಮುಲ್ತೆ ಹಣ್ಣಿನ ಕಾಲ. ಮುಲ್ತೆಯನ್ನು ಯಾರೂ ಬೆಳೆಯುವುದಿಲ್ಲ, ಬೆಳೆಯಲು ಬರುವುದೂ ಇಲ್ಲ. ಮನುಷ್ಯರ ಸುಳಿವಿಲ್ಲದ ಜೌಗಿನಲ್ಲಿ ತನಗೆ ಬೇಕಾದ ಜಾಗ ನೋಡಿಕೊಂಡು, ಹೊನ್ನಿನ ಬಣ್ಣಕ್ಕೆ ತಿರುಗಿ, ಸೊಳ್ಳೆಗಳ ಕಾವಲಿನಲ್ಲಿ ಕೂತಿರುತ್ತದೆ. ಕ್ರಿಸ್‌ಮಸ್ಸಿಗಾಗಲಿ ಮದುವೆಗಾಗಲಿ ಕೆನೆಯಲ್ಲಿ ಕಲಸಿದ ಮುಲ್ತೆ ಇಲ್ಲದಿದ್ದರೆ ಅದನ್ನು ಇಲ್ಲಿಯವರು ಊಟ ಅಂತಲೇ ಕರೆಯುವುದಿಲ್ಲ.

ನಮ್ಮೂರಿನವರು ಒಳ್ಳೆಯವರೇ. ದೋಣಿ ಕೇಳಿ, ಕೊಡುತ್ತಾರೆ. ಹಿಮಗಾಳಿಯಲ್ಲಿ ಸಿಕ್ಕಿಕೊಳ್ಳಿ, ತಮ್ಮ ಪ್ರಾಣ ಒತ್ತೆಯಿಟ್ಟು ಬಂದು ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಆದರೆ "ನೀವು ಮುಲ್ತೆ ಎಲ್ಲಿ ಆಯ್ತೀರಿ?" ಅಂತ ಒಮ್ಮೆ ಕೇಳಿ ನೋಡಿ! ಹೆತ್ತ ಮಗ ಕೇಳಿದರೂ ಸುಳ್ಳೇ. ಒಬ್ಬೊಬ್ಬರ ಮನೆಗೆ ಒಂದೊಂದು ಜೌಗು, ಅದು ಎಲ್ಲಿದೆ ಅನ್ನುವುದು ಆ ಮನೆಯ ಗುಟ್ಟು. ಸಾಯುವಾಗ ಒಬ್ಬರ ಕಿವಿಯಲ್ಲಿ ಉಸುರಿ ಕಣ್ಣು ಮುಚ್ಚುವುದು ವಾಡಿಕೆ.

ಹೋದ ಚಳಿಗಾಲದಲ್ಲಿ ಹಿಲ್ಮಾರನ ಮಾವ ಪೆಡರ್ ಹೀಗೇ ಅಳಿಯನ ಕೊರಳಪಟ್ಟಿ ಹಿಡಿದೆಳೆದು, "ಲಾಂಗ್‌ಮೀರಾ" ಎಂದಿದ್ದ. "ವಿದ್ದಾ ಬಯಲಿನ ಆಚೆ ತುದಿ. ರಸ್ತೆ ಮುಗಿದ ಮೇಲೆ ಎರಡು ದಿನ ನಡಿಗೆ. ನರಪ್ರಾಣಿಗೂ ಹೇಳಬೇಡ ಕಣೋ."

ಹಿಲ್ಮಾರ್ ಅತ್ತುಬಿಟ್ಟ. ಮಾವ ಹೋಗುತ್ತಿದ್ದಾನೆ ಅನ್ನುವ ದುಃಖ ಅರ್ಧ, ತನ್ನನ್ನು ನಂಬಿ ಒಬ್ಬರು ಗುಟ್ಟು ಹೇಳಿದರಲ್ಲ ಅನ್ನುವ ಸಂತೋಷ ಅರ್ಧ. ಮೀನುಕಟ್ಟೆಯಲ್ಲಿ ಕ್ರೇನು ನಡೆಸುವ ಹಿಲ್ಮಾರ್ ಮನುಷ್ಯ ಬಂಗಾರ, ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಊರಿಗೆಲ್ಲ ತಿಳಿಯಬೇಕಿದ್ದರೆ ನೋಟೀಸು ಅಂಟಿಸು, ಬೇಗ ತಿಳಿಯಬೇಕಿದ್ದರೆ ಹಿಲ್ಮಾರನಿಗೆ ಗುಟ್ಟಾಗಿ ಹೇಳು ಅಂತ ಸ್ಕಾರ್ವಿಕದಲ್ಲಿ ಒಂದು ಗಾದೆಯೇ ಆಗಿಹೋಗಿತ್ತು. ಹೆಂಡತಿ ರಾಗ್ನಿಗೆ ತಿಳಿಯದಂತೆ ಅವಳ ಐವತ್ತನೇ ಹುಟ್ಟುಹಬ್ಬ ಮಾಡಬೇಕು ಅಂತ ಹೊರಟು, ಕೊನೆಗೆ ಅವಳ ಕೈಗೇ ಚೀಲ ಕೊಟ್ಟು ಸಾಮಾನು ತರಲು ಕಳಿಸಿದವನು ಅವನು.

ಈಗ ಬಂದದ್ದು ಮಗಳ ಮದುವೆ. ಇಂಗ್ವಿಲ್ ಕೈ ಹಿಡಿಯುವ ಹುಡುಗನ ತಾಯಿ ಹೋದ ವಾರ ಬಂದು ಕಾಫಿ ಕುಡಿದು, ಏಳುವಾಗ ಮೆತ್ತಗೆ, "ಮದುವೆಗೆ ಮುಲ್ತೆ ಕಡಿಮೆ ಬಿದ್ರೆ ಸಂಕೋಚ ಮಾಡ್ಕೋಬೇಡಿ. ನಮ್ಮನೇಲಿ ಬೇಕಾದಷ್ಟಿದೆ," ಅಂದುಬಿಟ್ಟಳು. ಹೆಣ್ಣಿನ ಕಡೆಯವರಿಗೆ ಇದಕ್ಕಿಂತ ಅವಮಾನ ಇದೆಯೇ? ಇಷ್ಟು ವರ್ಷ ಹಿಲ್ಮಾರನ ಮನೆಗೆ ಮುಲ್ತೆ ಬರುತ್ತಿದ್ದುದು ರಾಗ್ನಿಯ ಅಕ್ಕ ಬೋರ್ಗಿಲ್ ಕೊಡುವ ಡಬ್ಬಿಯಲ್ಲಿ. ಹೆಂಡತಿಯ ಅಕ್ಕನ ಮನೆಯ ಹಣ್ಣು ತಿಂದು ಬಾಯಿ ಒರೆಸಿಕೊಂಡ ಗಂಡಸು ಅವನು. ಸಾಕು ಅನ್ನಿಸಿತು. ಮೇಜು ಗುದ್ದಿ ಹೇಳಿದ, "ನನ್ನ ಮಗಳ ಮದುವೆಗೆ ಮುಲ್ತೆ ತರೋನು ನಾನು!"

ರಾಗ್ನಿ ಆ ಗುದ್ದಿಗೆ ಉರುಳಿದ ಲೋಟ ಎತ್ತಿಟ್ಟಳು. "ಸರಿ, ಈ ಸಲ ನೀನೇ ತಾ," ಎಂದಳು. ಅವನು ಹೊರಡಬೇಕಿದ್ದ ಬೆಳಿಗ್ಗೆ ಮದುವೆ ಬಟ್ಟೆ ಹೊಲಿಯುವುದಿದೆ ಅಂತ ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಚೀಲ ಕಟ್ಟೋದಿದ್ರೆ ಅಂಗಳದಲ್ಲಿ ಕಟ್ಟು. ಒಳಗೆ ರಂಪ ಮಾಡ್ಬೇಡ."

ಹಿಲ್ಮಾರ್ ಹೆಂಡತಿಯ ಮಾತು ಮೀರುವವನಲ್ಲ. ಟೆಂಟು, ಮಲಗುವ ಚೀಲ, ಉದ್ದನೆಯ ರಬ್ಬರ್ ಬೂಟು, ಸೊಳ್ಳೆ ಬಲೆಯ ಟೋಪಿ, ಮಸಿ ಹಿಡಿದ ಕಾಫಿ ಕೆಟಲು, ಒಣಗಿಸಿದ ಹಿಮಸಾರಂಗದ ಮಾಂಸ ಎಲ್ಲವನ್ನೂ ಅಂಗಳದ ಹುಲ್ಲಿನ ಮೇಲೆ ಹರಡಿಕೊಂಡ. ಹರಡಿ ತಲೆ ಎತ್ತಿದರೆ ಬೇಲಿಯ ಮೇಲೆ ಎಡ್ಮುಂಡನ ಗಡ್ಡ.

ಎಡ್ಮುಂಡ್ ಪಕ್ಕದ ಮನೆಯವನು. ಹಡಗಿನ ಕೆಲಸದಿಂದ ನಿವೃತ್ತನಾದ ಮೇಲೂ ದುರ್ಬೀನು ಬಿಟ್ಟಿರಲಿಲ್ಲ. ಮೊದಲು ಕಡಲು ನೋಡುತ್ತಿದ್ದ, ಈಗ ಹಿಲ್ಮಾರನ ಅಂಗಳ ನೋಡುತ್ತಿದ್ದ.

"ಏನೋ ಹಿಲ್ಮಾರ್, ಟೆಂಟು ಹೊರಗೆ ಬಂದಿದೆ?"

"ಬೂಷ್ಟು ಹಿಡಿದಿತ್ತು. ಒಣಗಿಸ್ತಿದ್ದೀನಿ."

"ಮಲಗೋ ಚೀಲ?"

"ಅದೂ ಒಣಗಲಿ ಅಂತ."

"ಕಾಫಿ ಕೆಟಲಿಗೂ ಬೂಷ್ಟಾ?"

ಹಿಲ್ಮಾರ್ ಕೆಂಪಾದ. "ಮೀನು ಹಿಡಿಯೋಕೆ ಹೋಗ್ತಿದ್ದೀನಪ್ಪ! ಹೋಗಬಾರದಾ?" ಎಂದು ಒಳಗೆ ಓಡಿ ಗಾಳದ ಕೋಲು ತಂದು ಚೀಲಕ್ಕೆ ಸಿಕ್ಕಿಸಿದ.

"ಆಹಾ! ಹಾಗಾದ್ರೆ ನಾನೂ ಬರ್ತೀನಿ. ಕೈ ಜಡ್ಡುಗಟ್ಟಿದೆ."

"ಬೇಡ ಬೇಡ, ಮೀನಿಲ್ಲ ಅಲ್ಲಿ!"

"ಮೀನಿಲ್ಲದ ಕಡೆ ಮೀನು ಹಿಡಿಯೋಕೆ ಹೋಗ್ತೀಯಾ?" ಎಡ್ಮುಂಡ್ ಗಡ್ಡದೊಳಗೇ ನಕ್ಕ. "ಎಲ್ಲಿ ಅಂತ ಹೇಳು, ನಾನು ಯಾರಿಗೂ ಹೇಳಲ್ಲ."

'ಲಾಂ' ಅನ್ನುವುದು ಹಿಲ್ಮಾರನ ಹಲ್ಲಿನ ತನಕ ಬಂದಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಕೆಮ್ಮುತ್ತಲೇ ಬಕೆಟ್ಟು ತರಲು ನೆಲಮಾಳಿಗೆಗೆ ಇಳಿದ. ಅಲ್ಲಿ ನೋಡಿದರೆ ಬಕೆಟ್ಟೇ ಇಲ್ಲ! ಪ್ರತಿ ವರ್ಷ ಸಾಲಾಗಿ ಕೂತಿರುತ್ತಿದ್ದವು, ಒಂದೂ ಇಲ್ಲ. ಕೊಟ್ಟಿಗೆಯಲ್ಲಿ ಹುಡುಕಿದ, ದೋಣಿಮನೆಯಲ್ಲಿ ಹುಡುಕಿದ. ಯಾವ ಪಾಪಿ ಒಯ್ದನೋ ಅಂತ ಶಪಿಸಿ, ಗುನ್ವೋರಳ ಅಂಗಡಿಗೆ ಹೊರಟ.

ಅಂಗಡಿಗೇನೋ ಬಂದ. ಖಾಲಿ ಬಕೆಟ್ಟು ಕೇಳುವುದು ಹೇಗೆ? ಕೇಳಿದರೆ ಸಂಜೆಯೊಳಗೆ ಊರೇ ಅವನ ಬೆನ್ನ ಹಿಂದೆ. ಕಪಾಟಿನ ಮುಂದೆ ಅಡ್ಡಾಡಿದ, ಬೆವರಿದ, ಕೊನೆಗೆ ಹುಳಿಯಲ್ಲಿ ಹಾಕಿದ ಹೆರಿಂಗ್ ಮೀನಿನ ಅತಿ ದೊಡ್ಡ ಬಕೆಟ್ಟನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟ.

ಗುನ್ವೋರ್ ಕನ್ನಡಕ ಸರಿ ಮಾಡಿಕೊಂಡಳು. "ಇಷ್ಟು ಹೆರಿಂಗ್ ಯಾಕೋ?"

"ಮದುವೆಗೆ."

"ಮದುವೆ ಊಟಕ್ಕೆ ಹುಳಿ ಹೆರಿಂಗಾ? ಹುಡುಗನ ಕಡೆಯವರು ಅಷ್ಟು ಕೆಟ್ಟವರೇನೋ?"

"ಅಲ್ಲಲ್ಲ, ಮನೆಗೇ. ಯಾಕೋ ತಿನ್ನೋ ಆಸೆ."

"ನಿನಗೆ ಹೆರಿಂಗ್ ಕಂಡ್ರೆ ಆಗಲ್ಲ."

"ರಾಗ್ನಿಗೆ ಆಸೆ," ಎಂದುಬಿಟ್ಟ.

ಗುನ್ವೋರಳ ಹುಬ್ಬು ಮೇಲೇರಿ ಕೂದಲಿಗೆ ತಾಗಿತು. "ರಾಗ್ನಿಗೆ? ಹುಳಿ ತಿನ್ನೋ ಆಸೆ? ಈ ವಯಸ್ಸಲ್ಲಾ? ಹಿಲ್ಮಾರ್!" ಅವಳು ಕಟ್ಟೆಯ ಮೇಲಿಂದ ಬಾಗಿ ಅವನ ಕೈ ಹಿಡಿದುಕೊಂಡಳು. "ದೇವರು ದೊಡ್ಡವನು ಕಣೋ."

ಏನಾಯಿತು ಅಂತ ಹಿಲ್ಮಾರನಿಗೆ ಅರ್ಥವಾಗುವ ಹೊತ್ತಿಗೆ ಅವಳು ಫೋನು ಎತ್ತಿ ಆಗಿತ್ತು.

ಮನೆಯ ಹಿಂದೆ ಹೋಗಿ ಕೂತು ಬಕೆಟ್ಟು ಖಾಲಿ ಮಾಡಲು ನೋಡಿದ. ಅನ್ನ ಚೆಲ್ಲಬಾರದು, ಮೀನೂ ಚೆಲ್ಲಬಾರದು ಅಂತ ಬೆಳೆದವನು. ಮೂಗು ಹಿಡಿದುಕೊಂಡು ನಾಲ್ಕು ತುಂಡು ನುಂಗಿದ. ಐದನೆಯದು ಗಂಟಲಲ್ಲೇ ನಿಂತು ಮೇಲಕ್ಕೋ ಕೆಳಕ್ಕೋ ಅಂತ ಯೋಚಿಸಿತು. ಆಗದು ಅಂತ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಸುರಿದ. ಸುರಿದದ್ದೇ ತಡ, ಮೊದಲು ಒಂದು ಕಡಲಹಕ್ಕಿ ಬಂತು. ಅದು ಕಿರುಚಿ ತನ್ನ ಬಳಗವನ್ನೆಲ್ಲ ಕರೆಯಿತು. ಸ್ವಲ್ಪ ಹೊತ್ತಿಗೆ ಕೊಲ್ಲಿಯ ಅಷ್ಟೂ ಕಡಲಹಕ್ಕಿಗಳು ಹಿಲ್ಮಾರನ ಮಾಡಿನ ಮೇಲೆ ಮೋಡದ ಹಾಗೆ ಸುತ್ತುತ್ತಿದ್ದವು. ಊರಿನ ಬೆಕ್ಕುಗಳು ಬೇಲಿ ಸಂದಿಯಿಂದ ಒಂದರ ಹಿಂದೆ ಒಂದು ನುಸುಳಿ ಬಂದವು. ಹಿಲ್ಮಾರ್ ಪೊರಕೆ ಹಿಡಿದು "ಹುಶ್ ಹುಶ್" ಅಂತ ಕುಣಿದ. ಹಕ್ಕಿಗಳು ಅವನ ಟೋಪಿಯ ಮೇಲೆ ಪ್ರಸಾದ ಹಾಕಿ, ಮತ್ತೂ ಜೋರಾಗಿ ಕಿರುಚಿದವು. ಗುಟ್ಟಾಗಿ ಹೊರಡಬೇಕಿದ್ದವನ ಮನೆ ಎಲ್ಲಿದೆ ಅಂತ ಈಗ ದೂರದ ಹಡಗಿನವರಿಗೂ ಗೊತ್ತಾಗಿರಬೇಕು.

ಇನ್ನು ಊರಿನವರು ಬಿಡುತ್ತಾರೆಯೇ? ಎಡ್ಮುಂಡ್ ಬೇಲಿ ದಾಟಿ ಬಂದ. ಗುನ್ವೋರ್ ಅಂಗಡಿಗೆ ಬೀಗ ಜಡಿದು ಬಂದಳು. ಮೀನುಕಟ್ಟೆಯವರು ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಹಿಂದೆ, ಕೈಯಲ್ಲಿ ಹೂವು ಹಿಡಿದು, ನಮ್ಮ ಚರ್ಚು ನಡೆಸುವ ಪಾದ್ರಿಯಮ್ಮ ಹಲ್ಡಿಸ್.

"ಹಿಲ್ಮಾರ್, ವಿಷಯ ಕೇಳಿದೆ. ರಾಗ್ನಿ ಎಲ್ಲಿ? ಸುಸ್ತಾಗಿ ಮಲಗಿದ್ದಾಳಾ?"

"ರಾಗ್ನಿಗೆ ಏನಾಗಿದೆ? ಬಟ್ಟೆ ಹೊಲಿಯೋಕೆ ಹೋಗಿದ್ದಾಳೆ!"

"ಆಗಲೇ ಮಗುವಿನ ಬಟ್ಟೆ!" ಎಂದು ಗುನ್ವೋರ್ ಕಣ್ಣೊರೆಸಿಕೊಂಡಳು.

ಹಿಲ್ಮಾರ್ ತಲೆ ಚಚ್ಚಿಕೊಂಡ. ಬಕೆಟ್ಟು ಮಾತ್ರ ಅಷ್ಟರಲ್ಲೇ ಸೋಪು ಹಾಕಿ ತೊಳೆದು, ಮಲಗುವ ಚೀಲದೊಳಗೆ ಸುತ್ತಿ, ಬೆನ್ನುಚೀಲದ ತಳಕ್ಕೆ ತುರುಕಿ ಆಗಿತ್ತು. ಚೀಲ ಏಳು ತಿಂಗಳ ಬಸುರಿಯ ಹಾಗೆ ಉಬ್ಬಿಕೊಂಡು ನಿಂತಿತ್ತು.

ಎಡ್ಮುಂಡ್ ಅದರ ಸುತ್ತ ಒಂದು ಸುತ್ತು ಬಂದ. "ಹೀಗಾ ಚೀಲ ಕಟ್ಟೋದು? ಬೆನ್ನು ಮುರಿಯತ್ತೆ ಮಾರಾಯ. ಭಾರ ಎಲ್ಲ ಮೇಲೆ ಬರಬೇಕು."

"ಮೇಲಲ್ಲ, ಮಧ್ಯ," ಎಂದಳು ಗುನ್ವೋರ್. "ತೆಗಿ, ನಾನು ಕಟ್ತೀನಿ."

"ಯಾರೂ ಕಟ್ಟೋದು ಬೇಡ! ನನಗೆ ಹೀಗೇ ಅಭ್ಯಾಸ!"

"ಸಂಕೋಚ ಯಾಕೋ? ನಾವೇನು ಹೊರಗಿನವರಾ?"

ಸಹಾಯ ಮಾಡುವ ಜನರಿಂದ ತಪ್ಪಿಸಿಕೊಂಡವರು ಯಾರಿದ್ದಾರೆ? ಒಬ್ಬರು ಚೀಲದ ಬಾಯಿ ಬಿಚ್ಚಿದರು, ಇನ್ನೊಬ್ಬರು ಕಾಲುಚೀಲ ಎಣಿಸಿ ಸಾಲದು ಎಂದರು, ಮತ್ತೊಬ್ಬರು ಹಿಮಸಾರಂಗದ ಮಾಂಸದ ರುಚಿ ನೋಡಿ ಉಪ್ಪು ಜಾಸ್ತಿ ಎಂದರು. ಪಾದ್ರಿಯಮ್ಮ ತನ್ನ ಪಾಲಿಗೆ ಮಲಗುವ ಚೀಲದ ತುದಿ ಹಿಡಿದು ಒಮ್ಮೆ ಕೊಡವಿದಳು.

ಬಕೆಟ್ಟು ಹೊರಗೆ ಬಂತು. ಬಂದು ಸುಮ್ಮನೆ ಬೀಳಲಿಲ್ಲ. ಹುಲ್ಲಿನ ಮೇಲೆ ಉರುಳಿ, ಗೇಟು ದಾಟಿ, ಇಳಿಜಾರಿನ ರಸ್ತೆ ಹಿಡಿದು ಡಣಡಣ ಅಂತ ಊರಿನ ಮಧ್ಯೆಯೇ ಹೋಗಿ ಮೀನುಕಟ್ಟೆಯ ಗೋಡೆಗೆ ಬಡಿದು ನಿಂತಿತು. ಸ್ಕಾರ್ವಿಕದಲ್ಲಿ ಆ ಸದ್ದು ಕೇಳದ ಕಿವಿ ಉಳಿಯಲಿಲ್ಲ. ಕಡಲಹಕ್ಕಿಗಳು ಕೂಡ ಸುಮ್ಮನಾದವು.

ಮೀನುಕಟ್ಟೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಓಡಿಹೋಗಿ ಅದನ್ನು ಎತ್ತಿಕೊಂಡು ಬಂದ, ಎರಡೂ ಕೈಯಲ್ಲಿ, ಮಗು ಎತ್ತಿಕೊಂಡ ಹಾಗೆ. ಯಾರೂ ನಗಲಿಲ್ಲ. ಎಡ್ಮುಂಡ್ ತುಂಬಾ ಪ್ರೀತಿಯಿಂದ ಕೇಳಿದ, "ಬಕೆಟ್ಟು ಯಾಕಪ್ಪ?"

"ಕೂತ್ಕೊಳ್ಳೋಕೆ. ಕಾಲು ತೊಳೆಯೋಕೆ."

"ಮುಚ್ಚಳ?"

"ಕಾಲು ತೊಳೆದ ಮೇಲೆ ಮುಚ್ಚೋಕೆ."

ಆಗ ಹಿಲ್ಮಾರ್ ಸುತ್ತ ಕಣ್ಣಾಡಿಸಿದ. ಎಡ್ಮುಂಡನ ಕಾಲಲ್ಲಿ ರಬ್ಬರ್ ಬೂಟು. ಗುನ್ವೋರಳ ಕುತ್ತಿಗೆಯಲ್ಲಿ ಸೊಳ್ಳೆ ಬಲೆ. ಮೀನುಕಟ್ಟೆಯವರ ಹೆಗಲಲ್ಲಿ ಆಗಲೇ ಚೀಲ. ಊರಿಗೂರೇ ಅವನ ಬಾಯನ್ನು, ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ ನೋಡುತ್ತಾ ನಿಂತಿತ್ತು. ಇನ್ನೇನು ಉಕ್ಕುತ್ತದೆ ಅಂತ ಅವರಿಗೆ ಗೊತ್ತು. ಅವನು ಎಂದಾದರೂ ಉಕ್ಕದೆ ಇದ್ದದ್ದುಂಟೇ?

ಉಕ್ಕಲು ಬಂದದ್ದು ನಿಜ. ಮಾತು ನಾಲಗೆಯ ಮೇಲೆ ಕುಣಿಯಿತು. ಮಗಳ ಮುಖ ಕಣ್ಣ ಮುಂದೆ ಬಂತು, ಬೀಗಿತ್ತಿಯ ನಗು ಬಂತು, ಕೊರಳಪಟ್ಟಿ ಹಿಡಿದ ಮುದುಕ ಪೆಡರ್ ಬಂದ. ಹಿಲ್ಮಾರ್ ಕೈಗೆ ಸಿಕ್ಕಿದ ಕಂದು ಚೀಸಿನ ಗಟ್ಟಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿ ಅಗಿಯತೊಡಗಿದ. ಅಗಿಯುತ್ತಾ ಅಗಿಯುತ್ತಾ ಅವನಿಗೆ ಜನ್ಮದಲ್ಲೇ ಮೊದಲ ಬಾರಿಗೆ ಒಂದು ಉಪಾಯ ಹೊಳೆಯಿತು. ಇವರು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಅಂದುಕೊಂಡ.

"ಪಾದ್ರಿಯಮ್ಮ," ಎಂದ ಚೀಸು ನುಂಗಿ, ಭಾರವಾದ ದನಿಯಲ್ಲಿ. "ನಿಮ್ಮ ಹತ್ರ ಮಾತ್ರ ಒಂದು ಮಾತಿದೆ. ಮನಸ್ಸಿಗೆ ಹೊರೆ ಆಗಿದೆ."

ಹಲ್ಡಿಸಳನ್ನು ಕಟ್ಟಿಗೆ ರಾಶಿಯ ಮರೆಗೆ ಕರೆದೊಯ್ದ. ಉಳಿದವರೆಲ್ಲ ಬಹಳ ಮರ್ಯಾದೆಯಿಂದ ದೂರ ಸರಿದು, ಬಹಳ ಬೇಗ ಅದೇ ರಾಶಿಯ ಆ ಕಡೆಗೆ ಬಂದು ಉಸಿರು ಹಿಡಿದು ನಿಂತರು. ಸೌದೆಯ ಸಂದಿಯಿಂದ ಎಡ್ಮುಂಡನ ಗಡ್ಡದ ತುದಿ ಕಾಣುತ್ತಿತ್ತು. ಹಿಲ್ಮಾರ್ ಕಂಡೂ ಕಾಣದವನಂತೆ ಇದ್ದ.

ಯಾವ ಜಾಗ ಹೇಳುವುದು? ಜನ್ಮೇಪಿ ಯಾರೂ ಕಾಲಿಡದ, ಒಂದು ಹಣ್ಣೂ ಸಿಗದ ಜಾಗ ಬೇಕು. ಕೊಲ್ಲಿಯಾಚೆ ಕ್ರೂಕ್‌ವನ್ ಅಂತ ಒಂದು ಕೆರೆ ಇದೆ. ಅದರ ಜೌಗಿನಲ್ಲಿ ಹಿಂದೆ ರಾಗ್ನಿಯ ಅಜ್ಜಿಯ ಕುದುರೆ ನಿಂತ ನಿಲುವಿನಲ್ಲೇ ಮುಳುಗಿಹೋಯಿತಂತೆ. ಅಂದಿನಿಂದ ಊರಿನ ಒಂದು ನಾಯಿಯೂ ಆ ಕಡೆ ಹೋಗುವುದಿಲ್ಲ.

"ಕ್ರೂಕ್‌ವನ್," ಎಂದು ಪಿಸುಗುಟ್ಟಿದ, ಸೌದೆ ರಾಶಿಯ ಆಚೆಗೂ ಕೇಳುವಷ್ಟು ಜೋರಾಗಿ.

ಪಾದ್ರಿಯಮ್ಮ ಹುಬ್ಬು ಗಂಟಿಕ್ಕಿದಳು. "ಕುದುರೆ ಮುಳುಗಿದ ಜಾಗ ಅಲ್ವಾ ಅದು?"

"ಕುದುರೆ ಕತೆ ಹುಟ್ಟಿಸಿದ್ದು ಯಾರು ಅಂದ್ಕೊಂಡ್ರಿ? ರಾಗ್ನಿ ಮನೆಯವರೇ! ಯಾಕೆ ಹುಟ್ಟಿಸಿದ್ರು? ನೀವೇ ಯೋಚನೆ ಮಾಡಿ." ಹೇಳುತ್ತಾ ಹೇಳುತ್ತಾ ಹಿಲ್ಮಾರನಿಗೆ ತನ್ನ ಮೇಲೇ ಗೌರವ ಬಂತು. ಎಲ್ಲಿತ್ತು ಇಷ್ಟು ಬುದ್ಧಿ ಇಷ್ಟು ದಿನ? "ಅಲ್ಲಿ ಕಾಲಿಡೋಕೆ ಜಾಗ ಇಲ್ಲ ಪಾದ್ರಿಯಮ್ಮ, ಅಷ್ಟು ಹಣ್ಣು. ನಿಮ್ಮ ಹತ್ರ ಸುಳ್ಳು ಹೇಳ್ತೀನಾ?"

"ಛೆ, ಛೆ. ನಿನ್ನ ಗುಟ್ಟು ನನ್ನ ಹತ್ರ ಭದ್ರ," ಎಂದಳು ಹಲ್ಡಿಸ್. ತಂದ ಹೂವನ್ನು ಅವನ ಕೈಗಿತ್ತು, ದೇವರ ಸೇವೆಗೆ ಹೋಗುವವಳಿಗಿಂತ ಸ್ವಲ್ಪ ಜೋರಾಗಿಯೇ ನಡೆದು ಹೋದಳು.

ಆಮೇಲೆ ಊರಿಗೆ ಊರೇ ಕೊಲ್ಲಿಯಾಚೆ ಹೋಗಲು ನೆಪ ಹುಡುಕಿತು. ಒಬ್ಬನಿಗೆ ಆಚೆ ದಡದ ತಂಗಿಯ ನೆನಪಾಯಿತು. ಎಡ್ಮುಂಡನಿಗೆ ದೋಣಿಯ ಇಂಜಿನು ಪರೀಕ್ಷೆ ಮಾಡಬೇಕಾಯಿತು. ಗುನ್ವೋರ್ ಕೆನ್ನೆ ಹಿಡಿದುಕೊಂಡು ಬಂದಳು.

"ಹಲ್ಲು ನೋವು ಕಣೋ. ಆಚೆ ದಡದ ಡಾಕ್ಟರ ಹತ್ರ ಹೋಗಬೇಕು. ನನಗೆ ದೋಣಿ ಇಲ್ಲ."

"ನನ್ನದು ತಗೊಂಡು ಹೋಗು!" ಎಂದ ಹಿಲ್ಮಾರ್ ಧಾರಾಳವಾಗಿ. ತಾನೇ ಪೆಟ್ರೋಲು ತುಂಬಿಸಿದ, ತಾನೇ ದೋಣಿ ನೀರಿಗೆ ತಳ್ಳಿದ. ಹಲ್ಲು ನೋವಿಗೆ ಎರಡು ಬಕೆಟ್ಟು ಯಾಕೆ ಅಂತ ಕೇಳಲಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ.

ದೋಣಿಗಳು ಒಂದರ ಹಿಂದೆ ಒಂದು ಹೊರಟವು. ಎಲ್ಲಕ್ಕಿಂತ ಮುಂದಿನ ದೋಣಿಯಲ್ಲಿ ಕೊರಳಿನ ಬಿಳಿ ಪಟ್ಟಿಯನ್ನೂ ಬಿಚ್ಚದ ಪಾದ್ರಿಯಮ್ಮ. ಹಿಲ್ಮಾರ್ ಅಂಗಳಕ್ಕೆ ಬಂದು ಬೆನ್ನುಚೀಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಖಾಲಿ ಜೌಗಿನಲ್ಲಿ ಇಡೀ ಊರು ಸೊಳ್ಳೆಗೆ ರಕ್ತದಾನ ಮಾಡುವುದನ್ನು ನೆನೆಸಿಕೊಂಡು ಮತ್ತೆ ನಕ್ಕ. ಇಷ್ಟು ವರ್ಷ ತನ್ನನ್ನು ಬಾಯಿಬಡುಕ ಅಂದವರೇ ಇವರು! ಇನ್ನು ಆರಾಮವಾಗಿ ಚೀಲ ಕಟ್ಟಿ, ಒಬ್ಬನೇ ಲಾಂಗ್‌ಮೀರಾದ ದಾರಿ ಹಿಡಿಯುವುದೊಂದೇ ಬಾಕಿ. ಚೀಲವನ್ನು ಮೊದಲಿನಿಂದ ಕಟ್ಟತೊಡಗಿದ, ಗುನ್ವೋರ್ ಹೇಳಿದ ಹಾಗೆ ಭಾರವನ್ನು ಮಧ್ಯಕ್ಕಿಟ್ಟು. ಅದು ನಿಜಕ್ಕೂ ಚೆನ್ನಾಗಿ ಕೂತಿತು.

ಕೊನೆಯ ಪಟ್ಟಿ ಬಿಗಿಯುವ ಹೊತ್ತಿಗೆ ರಾಗ್ನಿಯ ಕಾರು ಬಂತು. ಪಕ್ಕದಲ್ಲಿ ಅಕ್ಕ ಬೋರ್ಗಿಲ್. ಇಬ್ಬರೂ ಇಳಿದು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅಂಗಡಿಗೆ ಬೀಗ, ಮೀನುಕಟ್ಟೆಗೆ ಬೀಗ, ಎಡ್ಮುಂಡನ ಕಿಟಕಿಯಲ್ಲಿ ದುರ್ಬೀನೂ ಇಲ್ಲ.

"ಎಲ್ಲ ಹೋದ್ರಾ?" ಎಂದಳು ರಾಗ್ನಿ ಮೆಲ್ಲಗೆ.

"ಹೋದ್ರು!" ಹಿಲ್ಮಾರ್ ಎದೆಯುಬ್ಬಿಸಿದ.

"ನಿಜವಾಗ್ಲೂ ಎಲ್ರೂ?"

"ಪಾದ್ರಿ ಸಮೇತ!"

ರಾಗ್ನಿ ಅಕ್ಕನ ಕೈ ಹಿಡಿದುಕೊಂಡು ಹುಡುಗಿಯ ಹಾಗೆ ಕುಪ್ಪಳಿಸಿದಳು. "ನಾನು ಹೇಳಿರಲಿಲ್ವಾ ಅಕ್ಕಾ, ಅಂಗಳದಲ್ಲಿ ಕೂರಿಸಿದ್ರೆ ಸಾಕು, ಊಟದ ಹೊತ್ತಿಗೆ ಬಾಯಿ ಬಿಟ್ಟೇ ಬಿಡ್ತಾನೆ ಅಂತ!" ಓಡಿ ಬಂದು ಗಂಡನ ಕೆನ್ನೆಗೆ ಮುತ್ತಿಟ್ಟಳು. "ನನ್ನ ಚಿನ್ನ! ಲಾಂಗ್‌ಮೀರಾಕ್ಕೆ ಹೋಗೋಕೆ ಎರಡು ದಿನ, ಬೈಕೊಂಡು ವಾಪಸ್ ಬರೋಕೆ ಎರಡು ದಿನ. ಅಷ್ಟರೊಳಗೆ ನಮ್ಮ ಕೆಲಸ ಮುಗಿದಿರತ್ತೆ."

ಹಿಲ್ಮಾರನ ಕೈಯಲ್ಲಿದ್ದ ಪಟ್ಟಿ ಜಾರಿತು. "ಲಾಂಗ್‌ಮೀರಾ ನಿನಗೆ ಹೇಗೆ ಗೊತ್ತು? ನಿಮ್ಮಪ್ಪ ನನ್ನೊಬ್ಬನಿಗೇ..."

"ಅಪ್ಪನಿಗೆ ಹೇಳಿದ್ದು ಅಮ್ಮ. ನಮ್ಮನೇಲಿ ಗಂಡಸರಿಗೆ ಹೇಳೋಕೆ ಅಂತ ಒಂದು ಜಾಗ ಇಟ್ಕೊಂಡಿದ್ದೀವಿ, ಅದೇ ಲಾಂಗ್‌ಮೀರಾ. ಅಲ್ಲಿ ಕಲ್ಲು, ಗಾಳಿ ಬಿಟ್ರೆ ಏನೂ ಇಲ್ಲ. ಅಪ್ಪನಿಗೆ ಮಂಡಿ ನೋವು, ಒಂದು ದಿನಾನೂ ಹೋಗಿ ನೋಡಲಿಲ್ಲ. ಪಾಪ, ಕೊನೆವರೆಗೂ ನಂಬಿದ್ದ."

"ಮತ್ತೆ ನೀನು ಪ್ರತಿ ವರ್ಷ ಕೊಡೋ ಹಣ್ಣು?" ಎಂದು ಹಿಲ್ಮಾರ್ ಬೋರ್ಗಿಲಳನ್ನು ಕೇಳಿದ.

"ನಾನೆಲ್ಲಿ ಕೊಟ್ಟೆ? ನಾನೂ ರಾಗ್ನಿನೂ ಸೇರಿ ಆಯ್ತಿದ್ವಿ. ಡಬ್ಬಿ ಮಾತ್ರ ನನ್ನದು." ಬೋರ್ಗಿಲ್ ಕಾರಿನ ಡಿಕ್ಕಿ ತೆಗೆದಳು. ನೆಲಮಾಳಿಗೆಯಿಂದ ಮಾಯವಾಗಿದ್ದ ಅಷ್ಟೂ ಬಕೆಟ್ಟುಗಳು ಅಲ್ಲಿ ಒಂದರೊಳಗೊಂದು ಕೂತಿದ್ದವು. "ಮದುವೆಗೆ ತುಂಬಾ ಬೇಕಲ್ಲ, ಒಂದು ಹೊತ್ತಲ್ಲಿ ಕದ್ದುಮುಚ್ಚಿ ತಂದ್ರೆ ಆಗಲ್ಲ. ಎರಡು ದಿನ ಊರು ಖಾಲಿ ಇರಬೇಕಿತ್ತು. ಅದಕ್ಕೇ ನಿನ್ನ ಸಹಾಯ ತಗೊಂಡ್ವಿ."

"ನಡಿ, ದೋಣಿ ತೆಗಿ," ಎಂದಳು ರಾಗ್ನಿ ಬೂಟು ಹಾಕಿಕೊಳ್ಳುತ್ತಾ. "ಇನ್ನು ನಿನ್ನ ಹತ್ರ ಮುಚ್ಚಿಡೋದೇನು, ಕೇಳೋಕೆ ಯಾರೂ ಇಲ್ಲ ಊರಲ್ಲಿ. ಇಲ್ಲೇ, ಕೊಲ್ಲಿಯಾಚೆ. ಕ್ರೂಕ್‌ವನ್."

ಹಿಲ್ಮಾರ್ ಕೊಲ್ಲಿಯ ಕಡೆ ತಿರುಗಿದ.

"ಕುದುರೆ?" ಎಂದ.

"ಯಾವ ಕುದುರೆ? ಅಜ್ಜಿಗೆ ಕುದುರೆ ಎಲ್ಲಿತ್ತು? ಅವಳ ಹತ್ರ ಇದ್ದದ್ದು ಒಂದು ಕುಂಟ ಕುರಿ. ಜನ ಬರದೇ ಇರಲಿ ಅಂತ ಅವಳೇ ಕಟ್ಟಿದ ಕತೆ ಅದು. ಯಾಕೋ ಹೀಗೆ ಬೆಳ್ಳಗಾದೆ?"

"ರಾಗ್ನಿ, ನಾನು ಲಾಂಗ್‌ಮೀರಾ ಅಂತ ಹೇಳಲಿಲ್ಲ."

"ಮತ್ತೆ?"

ಅವನು ಬೆರಳೆತ್ತಿ ಕೊಲ್ಲಿಯಾಚೆ ತೋರಿಸಿದ. ಆಚೆ ದಡದಲ್ಲಿ, ಕ್ರೂಕ್‌ವನ್‌ಗೆ ಹತ್ತುವ ಗುಡ್ಡದ ಬುಡದಲ್ಲಿ, ಸ್ಕಾರ್ವಿಕದ ಅಷ್ಟೂ ದೋಣಿಗಳು ಮದುವೆ ಮನೆಯ ಮುಂದಿನ ಚಪ್ಪಲಿಗಳ ಹಾಗೆ ಸಾಲಾಗಿ ನಿಂತಿದ್ದವು.

ಬೋರ್ಗಿಲ್ ಬಕೆಟ್ಟನ್ನು ಕೈಬಿಟ್ಟಳು. ರಾಗ್ನಿ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಇಲ್ಲ, ಹಾಗೇ ನಿಂತಳು.

"ಹೋಗೋಣ, ಉಳಿದಷ್ಟಾದ್ರೂ ಸಿಗತ್ತೆ," ಎಂದಳು ಬೋರ್ಗಿಲ್. "ನಿಮ್ಮ ದೋಣಿ ಎಲ್ಲಿ?"

"ಗುನ್ವೋರ್‌ಗೆ ಹಲ್ಲು ನೋವು ಅಂದ್ಲು," ಎಂದ ಹಿಲ್ಮಾರ್. "ನಾನೇ ಪೆಟ್ರೋಲು ತುಂಬಿಸಿ ಕೊಟ್ಟೆ."

ರಾಗ್ನಿಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ದನಿ ಸೀಳಿಹೋಯಿತು. "ಮದುವೆಯಾದಾಗಿಂದ ಒಂದು ಮಾತು ಹೊಟ್ಟೇಲಿ ಇಟ್ಕೊಂಡವನಲ್ಲ ನೀನು! ಯಾವತ್ತೂ ಇಟ್ಕೊಂಡವನಲ್ಲ! ನಿನ್ನ ಬಾಯೊಂದನ್ನೇ ನಂಬ್ಕೊಂಡು ಮಗಳ ಮದುವೆ ಇಟ್ಕೊಂಡೆ ನಾನು. ಗುಟ್ಟು ಕಾಪಾಡೋಕೆ ನಿನಗೆ ಇವತ್ತೇ ಸಿಕ್ತಾ?"

ಹಿಲ್ಮಾರ್ ಮೆಲ್ಲಗೆ ಫೋನು ತೆಗೆದು ಗುನ್ವೋರಳಿಗೆ ಹಚ್ಚಿದ. ಎಷ್ಟೋ ಸಲ ಬಡಿದುಕೊಂಡ ಮೇಲೆ ಎತ್ತಿದಳು, ಏದುಸಿರು ಬಿಡುತ್ತಾ. ಹಿಂದಿನಿಂದ ಎಡ್ಮುಂಡ್ "ಈ ಕಡೆ ಬನ್ರೋ, ಇಲ್ಲಿ ಇನ್ನೂ ಜಾಸ್ತಿ!" ಅಂತ ಅರಚುತ್ತಿದ್ದ. ಪಾದ್ರಿಯಮ್ಮ ಯಾವುದೋ ಸ್ತೋತ್ರ ಗುನುಗುತ್ತಿದ್ದಳು.

"ಗುನ್ವೋರ್, ಮದುವೆಗೆ ಸ್ವಲ್ಪ ಮುಲ್ತೆ ಬೇಕಿತ್ತಲ್ಲ..."

"ಮುಲ್ತೆನಾ? ನನ್ನನ್ನ ಕೇಳ್ತೀಯಲ್ಲೋ, ನಾನು ಡಾಕ್ಟರ ಹತ್ರ ಕೂತಿದ್ದೀನಿ," ಎಂದಳು ಗುನ್ವೋರ್, ಬಾಯಿ ತುಂಬಾ ಏನನ್ನೋ ಅಗಿಯುತ್ತಾ. "ಈ ವರ್ಷ ಎಲ್ಲೂ ಹಣ್ಣೇ ಇಲ್ವಂತೆ ಕಣೋ, ಪಾಪ. ಒಂದು ಕೆಲಸ ಮಾಡು, ಹುಡುಗನ ಕಡೆಯವರನ್ನ ಕೇಳಿ ನೋಡು. ಒಳ್ಳೆ ಜನ, ಇಲ್ಲ ಅನ್ನಲ್ಲ."

ಹಿಲ್ಮಾರ್ ಫೋನು ಕೆಳಗಿಟ್ಟ. ರಾಗ್ನಿ ಅದನ್ನು ಎತ್ತಿಕೊಂಡು, ಬೀಗಿತ್ತಿಯ ನಂಬರು ಹುಡುಕಿ ಅವನ ಕೈಗೆ ಕೊಟ್ಟಳು.